ಕಣ್ಣುಕಟ್ಟಿನ ಫೋಟೊ: ಹನ್ನೊಂದು ಪಾಠಗಳು

ವಾರಪತ್ರಿಕೆಯೊಂದರ ಚಿತ್ರ-ಒಗಟಿನ ಪುಟಕ್ಕೆ ಫೋಟೊ ಆರಿಸುವುದು, ಸಿಗದಿದ್ದರೆ ನಾನೇ ತೆಗೆಯುವುದು ನನ್ನ ಕೆಲಸ. ಗಾಳಿಯಲ್ಲಿ ನಿಂತ ಅಜ್ಜಿ, ಬಸ್ಸಿಗಿಂತ ದೊಡ್ಡ ನಾಯಿ, ಮೂರು ಕೈಯ ಮದುಮಗ, ಹೀಗೆ ಓದುಗರಿಂದ ವಾರವಾರವೂ ಏನಾದರೊಂದು ಬರುತ್ತಲೇ ಇರುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆಯ ಮಕ್ಕಳಿಗೆ ಇಂಥ ಫೋಟೊ ತೆಗೆಯುವುದನ್ನೂ ಹೇಳಿಕೊಡುತ್ತೇನೆ. ಈ ಕೆಲಸ ಮಾಡುತ್ತ ಮಾಡುತ್ತ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿದೆ: ಒಳ್ಳೆಯ ಕಣ್ಣುಕಟ್ಟಿನ ಫೋಟೊ ಸುಳ್ಳು ಹೇಳುವುದಿಲ್ಲ. ಒಗಟು ಬಿಡಿಸುವ ಸುಳಿವು ಫ್ರೇಮಿನೊಳಗೇ ಇರುತ್ತದೆ, ಅವಸರದಲ್ಲಿ ನಾವೇ ಅದನ್ನು ದಾಟಿ ಹೋಗಿರುತ್ತೇವೆ. ಆ ಸುಳಿವು ಎಲ್ಲೆಲ್ಲಿ ಅಡಗಿರುತ್ತದೆ ಎನ್ನುವುದೇ ಮುಂದಿನ ಪಾಠಗಳು.

1. ಮುಖ ಆಮೇಲೆ, ಮೊದಲು ಪಾದ ನೋಡಿ

ಮನುಷ್ಯ ತೇಲುತ್ತಿರುವಂತೆ ಕಾಣುವ ಫೋಟೊ ಬಂದರೆ ನಾನು ಮೊದಲು ಹುಡುಕುವುದು ನೆಲದ ಮೇಲೆ ನೆರಳಿನಂತೆ ಕಾಣುವ ಒಂದು ಒದ್ದೆ ಕಲೆಯನ್ನು. ನೆರಳು ಪಾದಕ್ಕೆ ಅಂಟಿಕೊಂಡಿದ್ದರೆ ಆತ ನಿಂತಿದ್ದಾನೆ; ನೆರಳಿಗೂ ಪಾದಕ್ಕೂ ನಡುವೆ ಸಂದಿ ಇದ್ದರೆ ಮೇಲೆದ್ದಿದ್ದಾನೆ. ಮಿದುಳಿನ ಲೆಕ್ಕ ಇಷ್ಟೇ. ದಿನನಿತ್ಯದ ಬದುಕಿನಲ್ಲಿ ಈ ಲೆಕ್ಕ ತಪ್ಪುವುದು ಅಪರೂಪ. ಆದ್ದರಿಂದಲೇ ಫೋಟೊ ಮುಂದೆ ನಾವು ಅದನ್ನು ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ.

ಮಕ್ಕಳಿಂದ ಇದನ್ನು ಹೀಗೆ ಮಾಡಿಸುತ್ತೇನೆ. ಮೋಡ ಕವಿದ ದಿನವೇ ಆಗಬೇಕು. ಬಿಸಿಲಿದ್ದರೆ ನಿಜವಾದ ನೆರಳು ಬಿದ್ದು ಆಟ ಕೆಡುತ್ತದೆ. ಒಣಗಿದ ಸಿಮೆಂಟ್ ನೆಲದ ಮೇಲೆ ಒಬ್ಬನನ್ನು ಕೈಕಟ್ಟಿ ನಿಲ್ಲಿಸಿ, ಅವನ ಪಾದದಿಂದ ಎರಡಡಿ ಈಚೆಗೆ, ಕ್ಯಾಮೆರಾ ಇರುವ ಕಡೆಗೆ, ಒಂದು ಚೊಂಬು ನೀರು ಸುರಿಯಬೇಕು. ನೀರು ಅಡ್ಡಡ್ಡ ಹರಡಿದರೆ ಒಳ್ಳೆಯದು. ಐದಾರು ಹೆಜ್ಜೆ ಹಿಂದೆ ಸರಿದು ನಿಂತ ಎತ್ತರದಿಂದಲೇ ಕ್ಲಿಕ್ಕಿಸಿದರೆ ಹುಡುಗ ನೆಲ ಬಿಟ್ಟು ಮೇಲೆ! ಈಗ ಚಿತ್ರವನ್ನು ಝೂಮ್ ಮಾಡಿ ಚಪ್ಪಲಿಯ ಅಡಿ ನೋಡಿ. ಅಟ್ಟೆ ನೆಲಕ್ಕೆ ತಾಗಿದ ಕಡೆ ತೆಳುವಾದ ಕಪ್ಪು ಗೆರೆಯೊಂದು ಇದ್ದೇ ಇರುತ್ತದೆ. ಕಲೆಯ ಸುತ್ತ ನೀರು ಸಿಡಿದ ಸಣ್ಣ ಸಣ್ಣ ಚುಕ್ಕೆಗಳೂ ಇರುತ್ತವೆ. ನೆರಳು ಎಂದೂ ಸಿಡಿಯುವುದಿಲ್ಲ.

2. ಎದ್ದು ಕಾಣುವುದೇ ಪ್ರಾಣಿ ಎಂದುಕೊಳ್ಳಬೇಡಿ

ಜಾರ್ಜ್ ಸ್ಟೈನ್ಮೆಟ್ಸ್ ಎಂಬ ಛಾಯಾಗ್ರಾಹಕ ಒಮಾನಿನ ಮರಳುಗಾಡಿನಲ್ಲಿ ಮೋಟಾರ್ ಕಟ್ಟಿದ ಪ್ಯಾರಾಗ್ಲೈಡರಿನಲ್ಲಿ ಹಾರುತ್ತ, ನೆತ್ತಿಯ ಮೇಲಿನಿಂದ ಒಂಟೆಗಳ ಸಾಲೊಂದನ್ನು ತೆಗೆದಿದ್ದಾರೆ. 2005ರಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್'ನಲ್ಲಿ ಬಂದ ಈ ಚಿತ್ರ ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ನೋಡಿದವರೆಲ್ಲ ಕಪ್ಪು ಒಂಟೆಗಳು ಸಾಗುತ್ತಿವೆ ಎನ್ನುತ್ತಾರೆ. ಆ ಕಪ್ಪು ಒಂಟೆಗಳೆಲ್ಲ ನೆರಳು. ಅಸಲಿ ಒಂಟೆ ಪ್ರತಿ ನೆರಳಿನ ಕಾಲ ಬುಡದಲ್ಲಿ ಮಾಸಲು ಬಣ್ಣದ ಸಣ್ಣ ಗೀಟಾಗಿ ಬಿದ್ದಿದೆ.

ಒಂಟೆಯನ್ನು ನಾವು ಪಕ್ಕದಿಂದ ನೋಡಿ ಬಲ್ಲೆವೇ ಹೊರತು ಬೆನ್ನ ಮೇಲಿನಿಂದಲ್ಲ. ಇಳಿಬಿಸಿಲು ನೆಲದ ಮೇಲೆ ಬರೆದ ನೆರಳಿಗೆ ನಮಗೆ ಪರಿಚಯವಿರುವ ಆಕಾರ ಬಂದಿತ್ತು, ಪ್ರಾಣಿಗೆ ಬಂದಿರಲಿಲ್ಲ. ಗುರುತು ಸಿಕ್ಕಿದ ಕೂಡಲೇ ಕಣ್ಣು ಹುಡುಕಾಟ ನಿಲ್ಲಿಸಿಬಿಡುತ್ತದೆ. ಇದನ್ನು ಮಾಡಿ ನೋಡಲು ಒಮಾನಿಗೆ ಹೋಗಬೇಕಿಲ್ಲ. ಬೆಳಿಗ್ಗೆ ಏಳರ ಬಿಸಿಲಿಗೆ ಮೂರನೇ ಮಹಡಿಯಿಂದ ಕೆಳಗೆ ಹೋಗುವ ಸೈಕಲ್ಲಿನವರನ್ನು ತೆಗೆದು, ನೆರಳು ನೆಟ್ಟಗೆ ನಿಲ್ಲುವಂತೆ ಚಿತ್ರ ತಿರುಗಿಸಿದರೆ ಸಾಕು.

3. ಅನುಮಾನ ಬಂದರೆ ತಲೆಕೆಳಗು ಮಾಡಿ

ಶಿಲಾಶಾಸನಗಳ ಫೋಟೊ ತೆಗೆಯುವವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಕಲ್ಲಿನೊಳಕ್ಕೆ ಕೊರೆದ ಅಕ್ಷರ ಚಿತ್ರದಲ್ಲಿ ಕೆಲವೊಮ್ಮೆ ಉಬ್ಬಿ ನಿಂತಂತೆ ಕಾಣುತ್ತದೆ. ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಎಂದು ಮಿದುಳು ಗಟ್ಟಿಯಾಗಿ ನಂಬಿಕೊಂಡಿರುವುದೇ ಇದಕ್ಕೆ ಕಾರಣ. ಮೇಲಿನ ಬೆಳಕಿಗೆ ತಗ್ಗಿನ ಮೇಲಂಚು ಕಪ್ಪಾಗಿ, ಕೆಳಂಚು ಬೆಳ್ಳಗಿರುತ್ತದೆ. ಉಬ್ಬಿನದು ಇದಕ್ಕೆ ತಿರುಗುಮುರುಗು. ಸಣ್ಣ ಅಕ್ಷರ ಸ್ಪಷ್ಟವಾಗಲೆಂದು ಟಾರ್ಚನ್ನು ಕಲ್ಲಿನ ಕೆಳಬದಿಯಲ್ಲಿ ಓರೆಯಾಗಿ ಹಿಡಿದಿರೋ, ತಗ್ಗೆಲ್ಲ ಉಬ್ಬಾಗುತ್ತದೆ.

ಚಂದ್ರನ ಕುಳಿಗಳ ಚಿತ್ರಗಳಲ್ಲೂ ಇದೇ ಕಥೆ: ತಿರುಗಿಸಿ ಹಿಡಿದರೆ ಕುಳಿಗಳೆಲ್ಲ ಗುಡ್ಡ. ಮೊಬೈಲಿನ ಆಟೊ ರೊಟೇಟ್ ಬಂದ್ ಮಾಡಿ ತಲೆಕೆಳಗು ಮಾಡಿ ನೋಡುವುದು ನಾನು ಕಂಡ ಅತಿ ಅಗ್ಗದ ಪರೀಕ್ಷೆ. ಮುಖಗಳ ಚಿತ್ರಕ್ಕಂತೂ ಇದು ಬೇಕೇ ಬೇಕು. 1980ರಲ್ಲಿ ಪೀಟರ್ ಥಾಂಪ್ಸನ್ ಮಾರ್ಗರೆಟ್ ಥ್ಯಾಚರ್ ಅವರ ಫೋಟೊದಲ್ಲಿ ಕಣ್ಣು, ಬಾಯಿಯನ್ನು ಮಾತ್ರ ಕತ್ತರಿಸಿ ತಿರುಗಿಸಿ ಅಂಟಿಸಿದ್ದರು. ಚಿತ್ರ ತಲೆಕೆಳಗಾಗಿದ್ದಾಗ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ನೇರ ಮಾಡಿದ ಕ್ಷಣ ಮುಖ ವಿಕಾರವಾಗಿಬಿಡುತ್ತದೆ. ಮುಖವನ್ನು ನಾವು ನೇರವಾಗಿ ಓದಲಷ್ಟೇ ಪಳಗಿದ್ದೇವೆ.

4. ಗುಂಪು ಫೋಟೊದಲ್ಲಿ ಕೈ ಎಣಿಸಿ

ಮದುವೆ ಫೋಟೊದಲ್ಲಿ ಮೂರನೆಯ ಕೈ ಹುಟ್ಟುವುದು ಅಂಚು ಅಂಚಿಗೆ ಕೂಡಿಕೊಂಡಾಗ. ಅತ್ತೆಯ ಹಸಿರು ರೇಷ್ಮೆ ಸೀರೆ, ಪಕ್ಕದ ಚಿಕ್ಕಮ್ಮನದೂ ಅಂಥದ್ದೇ ಹಸಿರು. ಚಿಕ್ಕಮ್ಮನ ತೋಳು ಅತ್ತೆಯ ಸೆರಗಿನ ಹಿಂದೆ ಮರೆಯಾಗಿ ಆಚೆ ಬದಿಯಲ್ಲಿ ಹೊರಬಂದರೆ, ಅದು ಅತ್ತೆಯದೇ ಎಂದು ಕಣ್ಣು ಲೆಕ್ಕ ಹಾಕುತ್ತದೆ. ಬಣ್ಣ ಒಂದೇ ಇದ್ದು ಗೆರೆ ಮುಂದುವರಿದರೆ ವಸ್ತುವೂ ಒಂದೇ ಎಂಬುದು ಅದರ ನಿಯಮ. ಬಿಡಿಸುವ ಉಪಾಯ ಸುಲಭ: ಹೆಗಲಿನಿಂದ ಹೊರಟು ಬೆರಳಿನ ತುದಿಯವರೆಗೆ ಒಂದೊಂದೇ ಕೈಯನ್ನು ಹಿಂಬಾಲಿಸಬೇಕು. ಬಳೆ, ರವಿಕೆಯ ಅಂಚು ಅಸಲಿ ಒಡತಿಯನ್ನು ಹಿಡಿದುಕೊಡುತ್ತವೆ.

'ತಲೆ ಮೇಲೆ ಕಂಬ ಹುಟ್ಟದ ಹಾಗೆ ನೋಡ್ಕೊಳ್ಳೋ' ಎಂದು ಸ್ಟುಡಿಯೊದವರು ಹುಡುಗರನ್ನು ಗದರುವುದು ಇದೇ ದೋಷಕ್ಕೆ. ಒಗಟಿನ ಫೋಟೊ ತೆಗೆಯುವವನು ಈ ದೋಷವನ್ನೇ ಬೇಕೆಂದು ಮಾಡುತ್ತಾನೆ.

ನಮ್ಮ ಶಿಲ್ಪಿಗಳಿಗೆ ಇದು ಹೊಸದಲ್ಲ. ಬಾದಾಮಿಯ ಒಂದನೇ ಗುಹೆಯ ಬಾಗಿಲ ಬಳಿ, ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ, ಒಂದೇ ತಲೆಯನ್ನು ಹಂಚಿಕೊಂಡ ಎರಡು ಪ್ರಾಣಿಗಳಿವೆ. ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಎತ್ತು. ಒಂದು ಬದಿಯ ಮೈಯನ್ನು ಅಂಗೈಯಿಂದ ಮರೆಮಾಡಿದರೆ ಇನ್ನೊಂದು ಪ್ರಾಣಿ ಪೂರ್ತಿಯಾಗಿ ಎದ್ದು ಬರುತ್ತದೆ. ಬಾದಾಮಿಗೆ ಹೋದ ಮಕ್ಕಳಿಗೆ ನಾನು ಹೇಳುವುದು, ಎರಡು ಫೋಟೊ ತೆಗೆಯಿರಿ, ಎರಡರಲ್ಲೂ ಕೈ ಅಡ್ಡ ಇರಲಿ ಎಂದು.

5. ಜನಜಂಗುಳಿ ಕಂಡರೆ, ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಎಂದು ಕೇಳಿ

'ಟೆಲಿ ಲೆನ್ಸ್ ದೂರವನ್ನು ನುಂಗುತ್ತದೆ' ಎನ್ನುವುದು ರೂಢಿಯ ಮಾತು. ನುಂಗುವುದು ಲೆನ್ಸ್ ಅಲ್ಲ, ನಾವು ನಿಂತ ಜಾಗ. ಒಬ್ಬರ ಹಿಂದೊಬ್ಬರು ಎರಡು ಮೀಟರ್ ಅಂತರದಲ್ಲಿ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಮುಂದಿನವರಿಂದ 2 ಮೀಟರಿನಲ್ಲಿ ನಿಂತು ಫೋಟೊ ತೆಗೆದರೆ ಹಿಂದಿನವರು 4 ಮೀಟರ್ ದೂರ. ಚಿತ್ರದಲ್ಲಿ ಅವರು ಮುಂದಿನವರ ಅರ್ಧ ಎತ್ತರಕ್ಕಿರುತ್ತಾರೆ. ಅದೇ 40 ಮೀಟರ್ ದೂರ ಹೋಗಿ ಟೆಲಿ ಲೆನ್ಸಿನಲ್ಲಿ ಎಳೆದುಕೊಂಡರೆ ಲೆಕ್ಕ 40ಕ್ಕೆ 42. ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರ, ಮೈಗೆ ಮೈ ತಾಗಿಸಿ ನಿಂತಂತೆ.

2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ಡೆನ್ಮಾರ್ಕಿನ ರಿಟ್ಸಾವ್ ಸ್ಕ್ಯಾನ್‌ಪಿಕ್ಸ್ ಸುದ್ದಿಚಿತ್ರ ಸಂಸ್ಥೆಯ ಇಬ್ಬರು ಛಾಯಾಗ್ರಾಹಕರು ಒಂದೇ ಜನರ ಗುಂಪನ್ನು ಟೆಲಿ ಲೆನ್ಸಿನಲ್ಲೊಮ್ಮೆ, ವೈಡ್ ಲೆನ್ಸಿನಲ್ಲೊಮ್ಮೆ ತೆಗೆದು ಜೊತೆಜೊತೆಗೆ ತೋರಿಸಿದರು. ಒಂದರಲ್ಲಿ ಜನ ನೂಕುನುಗ್ಗಲಿನಲ್ಲಿದ್ದಂತೆ, ಇನ್ನೊಂದರಲ್ಲಿ ಅಂತರ ಬಿಟ್ಟು ನಿಂತಂತೆ. ಎರಡೂ ಚಿತ್ರ ತಿದ್ದಿದ್ದಲ್ಲ. ಜಾತ್ರೆ, ರ‍್ಯಾಲಿ, ಟ್ರಾಫಿಕ್ ಜಾಮಿನ ಫೋಟೊ ನೋಡುವಾಗ ಇದನ್ನು ನೆನಪಿಡಬೇಕು. ಹತ್ತಿರದ ಮತ್ತು ದೂರದ ತಲೆಗಳು ಒಂದೇ ಗಾತ್ರದಲ್ಲಿದ್ದರೆ ಕ್ಯಾಮೆರಾ ಬಹಳ ದೂರದಲ್ಲಿತ್ತು ಎಂದೇ ಅರ್ಥ.

6. ಗೆಳೆಯ ಅಂಗೈ ಮೇಲೆ ನಿಲ್ಲಬೇಕಾದರೆ ನಡುವಿನ ನೆಲ ಕಾಣಕೂಡದು

ಇದು ಮಕ್ಕಳ ಅಚ್ಚುಮೆಚ್ಚಿನ ಆಟ. ಮುಂದೆ ಒಬ್ಬಳು ಅಂಗೈ ಚಾಚಿರುತ್ತಾಳೆ, ಮೈದಾನದ ಆ ತುದಿಯಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಎಲ್ಲರೂ ಮಾಡುವುದು ನಿಂತುಕೊಂಡೇ ಫೋಟೊ ತೆಗೆಯುವುದು. ಆಗ ಇಬ್ಬರ ನಡುವಿನ ಹುಲ್ಲು, ಗುಂಡಿ, ಕ್ರಿಕೆಟ್ ಪಿಚ್ ಎಲ್ಲ ಕಾಣಿಸಿ, ಅವನು ದೂರದಲ್ಲಿದ್ದಾನೆಂದು ನೆಲವೇ ಚಾಡಿ ಹೇಳುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ಒಂದು ಗೇಣು ಬಿಟ್ಟು ಕೆಳಗೆ ತಂದರೆ ನಡುವಿನ ನೆಲವೆಲ್ಲ ಮಡಚಿಕೊಂಡು ಒಂದು ಗೆರೆಯಾಗುತ್ತದೆ. ಮುಂದಿನವಳು ಕೂತು ಅಂಗೈಯನ್ನು ಆ ಗೆರೆಗೆ ತಾಗಿಸಿದರೆ ಮುಗಿಯಿತು. ದೊಡ್ಡ ಕ್ಯಾಮೆರಾ ಆದರೆ ಅಪರ್ಚರ್ ಎಫ್16ರ ಆಸುಪಾಸಿನಲ್ಲಿರಲಿ. ಇಲ್ಲವಾದರೆ ಹಿಂದಿನವನು ಮಸುಕಾಗಿ, ಆಟ ಬಯಲಾಗುತ್ತದೆ. ಮೊಬೈಲಿನ ಸೆನ್ಸರ್ ಚಿಕ್ಕದಾದ್ದರಿಂದ ಹತ್ತಿರವೂ ದೂರವೂ ಒಟ್ಟಿಗೇ ಸ್ಪಷ್ಟವಾಗಿ ಬರುತ್ತವೆ. ಈ ಒಂದು ವಿಷಯದಲ್ಲಿ ಮೊಬೈಲೇ ಮೇಲು. ಪೋರ್ಟ್ರೇಟ್ ಮೋಡ್ ಮಾತ್ರ ಹಾಕಬೇಡಿ.

ಎರಡು ಕಣ್ಣು ತೆರೆದು, ತಲೆ ಅತ್ತಿತ್ತ ಆಡಿಸಿದರೆ ಈ ಭ್ರಮೆ ಉಳಿಯುವುದಿಲ್ಲ. ಅಡೆಲ್ಬರ್ಟ್ ಏಮ್ಸ್ ಕಟ್ಟಿಸಿದ ವಕ್ರ ಕೋಣೆಯನ್ನು ಒಂದೇ ಕಿಂಡಿಯಿಂದ, ಒಂದೇ ಕಣ್ಣಿನಿಂದ ನೋಡಬೇಕಾಗಿದ್ದೂ ಇದಕ್ಕೇ. ಆ ಕೋಣೆಯ ಒಂದು ಮೂಲೆಯಲ್ಲಿ ನಿಂತವರು ಕುಳ್ಳರು, ಇನ್ನೊಂದು ಮೂಲೆಗೆ ನಡೆದರೆ ದೈತ್ಯರು. ಕ್ಯಾಮೆರಾಕ್ಕೆ ಹೇಗೂ ಒಂದೇ ಕಣ್ಣು.

ಅಳತೆ ಹೇಳುವ ವಸ್ತುವನ್ನು ಮರೆಮಾಡುವುದರಲ್ಲಿ ನಮ್ಮವರೇ ಆದ ಬಾದಲ್ ನಂಜುಂಡಸ್ವಾಮಿ ಪಳಗಿದ ಕಲಾವಿದ. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯಲು ಕೆಲವೇ ದಿನಗಳಿದ್ದಾಗ, ಅವರೊಂದು ವಿಡಿಯೊ ಬಿಟ್ಟರು. ಗಗನಯಾತ್ರಿಯೊಬ್ಬ ಕತ್ತಲಲ್ಲಿ ಕುಳಿಗಳ ನಡುವೆ ನಿಧಾನವಾಗಿ ಹೆಜ್ಜೆ ಇಡುತ್ತಾನೆ. ಪಕ್ಕದಲ್ಲಿ ವಾಹನ ಹಾದು ಹೋದಾಗಲೇ ಅದು ಬೆಂಗಳೂರಿನ ಗುಂಡಿ ಬಿದ್ದ ರಸ್ತೆ ಎಂದು ತಿಳಿಯುವುದು. ಕತ್ತಲು ಕಳೆದು ಅಂಗಡಿ, ಕಂಬ, ಮೋರಿ ಕಂಡಿದ್ದರೆ ಅದು ಚಂದ್ರ ಎಂದು ಯಾರಿಗೂ ಅನಿಸುತ್ತಿರಲಿಲ್ಲ.

7. ಬಣ್ಣವನ್ನು ನೆರೆಹೊರೆಯಿಂದ ಬಿಡಿಸಿ ನೋಡಿ

2015ರ ಫೆಬ್ರುವರಿಯಲ್ಲಿ ಒಂದು ಉಡುಪಿನ ಫೋಟೊ ಜಗತ್ತನ್ನೇ ಎರಡು ಪಂಗಡ ಮಾಡಿತ್ತು. ನೀಲಿ-ಕಪ್ಪು ಎಂದವರು ಒಂದು ಕಡೆ, ಬಿಳಿ-ಚಿನ್ನ ಎಂದವರು ಇನ್ನೊಂದು ಕಡೆ. ಉಡುಪು ನಿಜಕ್ಕೂ ನೀಲಿ-ಕಪ್ಪು. ಫೋಟೊದಲ್ಲಿ ಬೆಳಕು ಎಂಥದ್ದೆಂದು ಸರಿಯಾಗಿ ತಿಳಿಯುತ್ತಿರಲಿಲ್ಲ. ಉಡುಪು ನೆರಳಿನಲ್ಲಿದೆ ಎಂದುಕೊಂಡ ಮಿದುಳು ನೀಲಿಯನ್ನು ಕಳೆದು ಬಿಳಿ ಎಂದಿತು. ಹಳದಿ ದೀಪದಡಿ ಇದೆ ಎಂದುಕೊಂಡದ್ದು ನೀಲಿಯನ್ನು ಹಾಗೆಯೇ ಉಳಿಸಿಕೊಂಡಿತು.

ಜಪಾನಿನ ಅಕಿಯೋಶಿ ಕಿಟಾವೋಕ 2017ರಲ್ಲಿ ಇದೇ ಗುಟ್ಟಿನಿಂದ ಕೆಂಪು ಸ್ಟ್ರಾಬೆರಿ ತೋರಿಸಿದರು. ಚಿತ್ರದಲ್ಲಿ ಕೆಂಪು ಪಿಕ್ಸೆಲ್ ಇಲ್ಲ. ಹಸಿರು-ನೀಲಿ ಛಾಯೆಯ ನಡುವಿನ ಬೂದು ಬಣ್ಣವನ್ನೇ ನಾವು ಕೆಂಪಾಗಿ ಕಾಣುತ್ತೇವೆ. ಪರೀಕ್ಷೆಗೆ ನಾನು ಬಳಸುವುದು ಒಂದು ಬೂದು ರಟ್ಟು, ಅದಕ್ಕೆ ಪೇಪರ್ ಪಂಚಿನಿಂದ ಎರಡು ತೂತು. ಸಂಶಯವಿರುವ ಎರಡು ಜಾಗದ ಮೇಲೆ ತೂತುಗಳು ಬರುವಂತೆ ರಟ್ಟನ್ನು ಪರದೆಗೆ ಒತ್ತಿ ಹಿಡಿದರೆ ಸುತ್ತಲಿನ ಬಣ್ಣದ ಹಂಗು ತಪ್ಪಿ, ಬಣ್ಣ ಇದ್ದ ಹಾಗೆ ಕಾಣುತ್ತದೆ.

8. ಓಡುವ ವಸ್ತು ಬಾಗಿದ್ದರೆ ಶಟರ್ ಮೇಲೆ ಗುಮಾನಿ ಇರಲಿ

ಹೊರಗೆ ಬೆಳಕು ಚೆನ್ನಾಗಿರುವಾಗ ಕಿಟಕಿ ಪಕ್ಕದಲ್ಲಿ ಜೋರಾಗಿ ತಿರುಗುವ ಫ್ಯಾನಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆಯಿರಿ. ರೆಕ್ಕೆಗಳು ಕುಡುಗೋಲಿನ ಹಾಗೆ ಬಾಗಿರುತ್ತವೆ. ಮೊಬೈಲಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ದಾಖಲಿಸುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತದೆ. ಫ್ರೆಂಚ್ ಛಾಯಾಗ್ರಾಹಕ ಲಾರ್ತೀಗ್ 1910ರ ದಶಕದಲ್ಲಿ ತೆಗೆದ ರೇಸ್ ಕಾರಿನ ಹೆಸರಾಂತ ಚಿತ್ರದಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ಬಂದು ಮುಂದಕ್ಕೆ ವಾಲಿದೆ. ಫಿಲ್ಮಿನ ಮುಂದೆ ಸರಿಯುತ್ತಿದ್ದ ಶಟರಿನ ಸೀಳು ಮಾಡಿದ ಕೆಲಸ ಅದು. ಮೋಟಾರ್ ಯುಗದ ವೇಗವನ್ನೇ ಹಿಡಿದ ಚಿತ್ರವೆಂದು ಜನ ಅದನ್ನು ಮೆಚ್ಚುತ್ತಾರೆ.

9. ಕ್ಯಾಮೆರಾಕ್ಕೆ ಸಿಗುವ ಭ್ರಮೆ ಯಾವುದು, ಸಿಗದಿರುವುದು ಯಾವುದು ಎಂದು ವಿಂಗಡಿಸಿ

ಹುಣ್ಣಿಮೆಯ ಚಂದ್ರ ಹುಟ್ಟುವಾಗ ಬುಟ್ಟಿಯಷ್ಟಿರುತ್ತಾನೆ, ಫೋಟೊದಲ್ಲಿ ಚುಕ್ಕೆ. ಮೊಬೈಲ್ ಸರಿಯಿಲ್ಲ ಎಂದು ಬೈಯಬೇಡಿ. ಚಂದ್ರ ಬಾನಂಚಿನಲ್ಲಿದ್ದರೂ ನೆತ್ತಿಯಲ್ಲಿದ್ದರೂ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟೇ ಅಗಲ. ತೋಳು ಚಾಚಿ ಕಿರುಬೆರಳು ಹಿಡಿದರೆ ಎರಡು ಹೊತ್ತಿನಲ್ಲೂ ಪೂರ್ತಿ ಮುಚ್ಚಿಹೋಗುತ್ತಾನೆ. ದೊಡ್ಡದಾಗುವುದು ನಮ್ಮ ತಲೆಯೊಳಗೆ, ಆದ್ದರಿಂದ ಕ್ಯಾಮೆರಾಕ್ಕೆ ಸಿಗುವುದಿಲ್ಲ.

2021ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ ಒಬ್ಬರು ತೆಗೆದ ತೇಲುವ ಹಡಗಿನ ಚಿತ್ರ ಬೇರೆ ಜಾತಿಯದು. ಸಮುದ್ರದ ಮೇಲೆ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಕೂತು ಬೆಳಕೇ ಬಾಗಿತ್ತು. ಅದು ಮರೀಚಿಕೆ, ಕ್ಯಾಮೆರಾಕ್ಕೂ ಸಿಗುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದ ಒಳಗಿನ ಕತ್ತಲ ಕೋಣೆಯಲ್ಲಿ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಗೋಪುರವನ್ನೂ ಜನ ಕಣ್ಣುಕಟ್ಟು ಎನ್ನುತ್ತಾರೆ. ಸಣ್ಣ ಕಿಂಡಿಯಿಂದ ಒಳಬರುವ ಬೆಳಕಿನ ಗೆರೆಗಳು ಅಡ್ಡಹಾದು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬಿದ್ದಿರುವುದಷ್ಟೇ. ಅಲ್ಲಿ ಕಣ್ಣಿಗೆ ಮೋಸವೇ ಇಲ್ಲ, ಕ್ಯಾಮೆರಾ ಹುಟ್ಟಿದ್ದೇ ಆ ತತ್ವದ ಮೇಲೆ.

10. ಗುಟ್ಟು ತಿಳಿದ ಮಾತ್ರಕ್ಕೆ ಎಲ್ಲ ಭ್ರಮೆಯೂ ಬಿಡುವುದಿಲ್ಲ

ಒಗಟುಗಳಲ್ಲಿ ಎರಡು ಬಗೆ. ಒಂಟೆಯ ನೆರಳು ಒಮ್ಮೆ ಬಿಡಿಸಿದರೆ ಮುಗಿಯಿತು, ಮತ್ತೆ ಮೋಸ ಹೋಗುವುದಿಲ್ಲ. ಇನ್ನೊಂದು ಬಗೆಗೆ ಮದ್ದಿಲ್ಲ. 1995ರಲ್ಲಿ ಎಂಐಟಿಯ ಎಡ್ವರ್ಡ್ ಅಡೆಲ್ಸನ್ ಬರೆದ ಚದುರಂಗದ ಮಣೆಯಲ್ಲಿ ನೆರಳಿನೊಳಗಿನ 'ಬಿಳಿ' ಮನೆ ಮತ್ತು ಹೊರಗಿನ 'ಕಪ್ಪು' ಮನೆ ಒಂದೇ ಬೂದು. ರಟ್ಟಿನ ತೂತಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡು, ರಟ್ಟು ತೆಗೆದರೆ ಮತ್ತೆ ಬೇರೆ ಬೇರೆಯೇ. ಪೀಸಾ ಗೋಪುರದ ಒಂದೇ ಫೋಟೊವನ್ನು ಅಕ್ಕಪಕ್ಕ ಎರಡು ಸಲ ಇಟ್ಟರೆ ಬಲಗಡೆಯದು ಹೆಚ್ಚು ವಾಲಿದಂತೆ ಕಾಣುತ್ತದೆ. ನೇರವಾಗಿ ನಿಂತ ಎರಡು ಗೋಪುರಗಳನ್ನು ಕೆಳಗಿನಿಂದ ನೋಡಿದರೆ ತುದಿಗಳು ಒಂದಕ್ಕೊಂದು ಹತ್ತಿರ ಬರಬೇಕು. ಇಲ್ಲಿ ಬರದಿದ್ದಕ್ಕೆ, ಅವು ದೂರ ವಾಲಿವೆ ಎಂದು ಮಿದುಳು ತೀರ್ಪು ಕೊಡುತ್ತದೆ. ಮೆಕ್‌ಗಿಲ್ ವಿಶ್ವವಿದ್ಯಾಲಯದವರ ಈ ಚಿತ್ರಕ್ಕೆ 2007ರಲ್ಲಿ ವರ್ಷದ ಅತ್ಯುತ್ತಮ ಭ್ರಮೆಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು.

ಪುಟ ಮಾಡುವವನಿಗೆ ಇದರಿಂದ ಒಂದು ಪಾಠವಿದೆ. ಮೊದಲ ಬಗೆಗೆ 'ಉತ್ತರ' ಸಾಕು. ಎರಡನೆಯದಕ್ಕೆ ಉತ್ತರದ ಜೊತೆ ಪರೀಕ್ಷೆಯ ವಿಧಾನವನ್ನೂ ಕೊಡಬೇಕು, ಇಲ್ಲದಿದ್ದರೆ ನಂಬದ ಓದುಗರ ಫೋನು ತಪ್ಪುವುದಿಲ್ಲ.

11. ಉತ್ತರವಿಲ್ಲದ ಚಿತ್ರ ಒಗಟಲ್ಲ

1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ಪುಸ್ತಕದ ಚಿತ್ರ ನೋಡಿ ಬರೆದ ಕಿನ್ನರಿಯರನ್ನು ಕತ್ತರಿಸಿ, ಟೋಪಿಯ ಪಿನ್ನಿನಿಂದ ನಿಲ್ಲಿಸಿ ಫೋಟೊ ತೆಗೆದರು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ 1920ರಲ್ಲಿ 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ಅವನ್ನು ನಿಜವೆಂದೇ ಬರೆದರು. ಹುಡುಗಿಯರು ಮುದುಕಿಯರಾಗಿ ನಿಜ ಒಪ್ಪಿಕೊಂಡದ್ದು 1983ರಲ್ಲಿ. ಸುಳಿವು ಮೊದಲ ಫೋಟೊದಲ್ಲೇ ಇತ್ತು: ಹಿಂದಿನ ಜಲಪಾತ ಮಸುಕಾಗಿದೆ, ಕುಣಿಯುವ ಕಿನ್ನರಿಯರ ರೆಕ್ಕೆ ಮಾತ್ರ ಸ್ಪಷ್ಟ. ನೀರು ಮಸುಕಾಗುವಷ್ಟು ಹೊತ್ತು ಶಟರ್ ತೆರೆದಿದ್ದರೆ ಆಡುವ ರೆಕ್ಕೆಯೂ ಮಸುಕಾಗಲೇಬೇಕು. ನಂಬಲೆಂದೇ ಕೂತವರಿಗೆ ಅದು ಕಾಣಲಿಲ್ಲ.

ಈಗ ಎಐ ಮಾಡಿಕೊಡುವ 'ವಿಚಿತ್ರ ಫೋಟೊ'ಗಳ ಕಷ್ಟ ಬೇರೆಯದು. ಅಲ್ಲಿ ಒಂಟೆಯೂ ಇಲ್ಲ, ಬಿಸಿಲೂ ಇಲ್ಲ, ನಿಂತು ತೆಗೆದ ಜಾಗವೂ ಇಲ್ಲ. ಬಿಡಿಸುತ್ತ ಹೋದರೆ ಕೊನೆಗೆ ಕೈಗೆ ಏನೂ ಹತ್ತುವುದಿಲ್ಲ. ಆದ್ದರಿಂದ ಚೆಂದದ ಫೋಟೊ ಯಾರು ಕಳಿಸಿದರೂ ನಾನು ಕೇಳುವುದು ಎರಡು: ಕ್ರಾಪ್ ಮಾಡದ ಮೂಲ ಫೈಲು, ಮತ್ತು ಅದೇ ಜಾಗದಲ್ಲಿ ಹಿಂದೆ ಮುಂದೆ ತೆಗೆದ ಒಂದೆರಡು ಫೋಟೊ. ನಿಜವಾಗಿ ತೆಗೆದವರ ಮೊಬೈಲಿನಲ್ಲಿ ಅವು ಸಾಮಾನ್ಯವಾಗಿ ಇರುತ್ತವೆ; ಒಂದು ಹೆಜ್ಜೆ ಅತ್ತ ಸರಿದು ತೆಗೆದ ಆ ಸಪ್ಪೆ ಫೋಟೊದಲ್ಲೇ ಉತ್ತರವಿರುತ್ತದೆ. ಅವು ಬಂದರೆ ಈ ವಾರ ಒಗಟು, ಮುಂದಿನ ವಾರ ಉತ್ತರ. ಬರದಿದ್ದರೆ, ಚಿತ್ರ ಎಷ್ಟೇ ಬೆರಗಿನದಾಗಿರಲಿ, ಪುಟಕ್ಕೆ ಹೋಗುವುದಿಲ್ಲ.